ಮೇಸ್ತ್ರಿಗೆ ಓ ಅಂದದ್ದು

ನಮ್ಮೂರಿನ ಹೆಂಗಸರಿಗೆ ಬೆಳಗಿನ ಮೊದಲ ಕೆಲಸ ಬಾಗಿಲಿಗೆ ನೀರು ಹಾಕುವುದಲ್ಲ, ಬಾಗಿಲಲ್ಲಿ ನಿಂತಿರುವ ಕರೆಗಳಿಗೆ ಓ ಅನ್ನುವುದು. ಹಾಲಿನ ಲಕ್ಕವ್ವ ನಾನು ಏಳುವ ಮೊದಲೇ ಬಂದು, "ಹಾಲೂ" ಎಂದು ಕೂಗಿ, ಕಟ್ಟೆಯ ಮೇಲಿನ ಚೆಂಬಿಗೆ ಹಾಲು ಹೊಯ್ದು ಮುಂದಿನ ಓಣಿಗೆ ಹೋಗಿರುತ್ತಾಳೆ. ಅವಳ ಕೂಗು ಮಾತ್ರ ಮೆಟ್ಟಿಲ ಹತ್ತಿರ, ಎದೆಯ ಎತ್ತರದಲ್ಲಿ ನಿಂತೇ ಇರುತ್ತದೆ. ಪೊರಕೆ ಹಿಡಿದು ಹಾಯುವಾಗ ಜೇಡರ ಬಲೆ ತಾಗಿದ ಹಾಗೆ ತಾಗಿ "ಹಾಲೂ" ಎನ್ನುತ್ತದೆ. ನಾನು "ಓ" ಅಂದರೆ ಕರಗುತ್ತದೆ. ಅನ್ನದಿದ್ದರೆ, ಹಾಲು ಮೊಸರಾದರೂ ಅದು "ಹಾಲೂ" ಅನ್ನುತ್ತಲೇ ಇರುತ್ತದೆ ಎಂದು ನನ್ನ ಅತ್ತೆ ತಮಾಷೆ ಮಾಡುತ್ತಿದ್ದರು.

ಯಾರನ್ನು ಕರೆದರೋ ಅವರು ಓ ಅನ್ನಬೇಕು. ಅವರ ಬದಲು ಬೇರೆಯವರು ಅಂದರೂ ಕರೆ ಕರಗುತ್ತದೆ, ಆದರೆ ಆಮೇಲೆ ಆ ಕರೆ ಅಂದವರದೇ. ಎದ್ದು ಹೋಗಿ ಏನು ಎತ್ತ ವಿಚಾರಿಸಬೇಕು. "ಓ ಅಂದವಳೇ ಒಲೆ ಹಚ್ಚಬೇಕು" ಎಂಬ ಮಾತು ನಮ್ಮಲ್ಲಿದೆ. ಹಾಗಾಗಿ ಇಲ್ಲಿ ಯಾರೂ ಯಾರನ್ನೂ ಸುಮ್ಮನೆ ಕರೆಯುವುದಿಲ್ಲ. ಕರೆದರೂ ಓ ಅನ್ನದೆ ಕೂರುವವರಿಗೆ ನಮ್ಮ ಓಣಿಯಲ್ಲಿ ಮರ್ಯಾದೆಯಿಲ್ಲ.

ಬೇಳೆ ನೆನೆಹಾಕಿ ಬಂದಿದ್ದೇನೆ. ಅದು ನೆನೆಯುವಷ್ಟರಲ್ಲಿ ಪಕ್ಕದ ಮನೆಯ ನಾಯಿಯ ವಿಷಯ ಎಷ್ಟಾಗುತ್ತದೋ ಅಷ್ಟು ಬರೆಯುತ್ತೇನೆ.

ಗುರುಸಿದ್ದಯ್ಯ ಎಂಬುವರು ಪಕ್ಕದ ಹೆಂಚಿನ ಮನೆಗೆ ಬಾಡಿಗೆಗೆ ಬಂದದ್ದು ಬೇಸಿಗೆಯ ಕೊನೆಗೆ. ಅರವತ್ತರ ಆಸುಪಾಸು, ಒಂಟಿ ಮನುಷ್ಯ, ಹೊರಗಿನೂರಿನವರು. ಒಂದು ಟ್ರಂಕು, ಒಂದು ಕುಕ್ಕರು, ಒಂದು ಕಂದುಬಣ್ಣದ ದೊಡ್ಡ ನಾಯಿ. ನಾಯಿಯ ಹೆಸರು ಮೇಸ್ತ್ರಿ. ಅವರು ಅದನ್ನು ಹಾಗೆ ಕರೆದದ್ದನ್ನು ಕೇಳಿ ಎದುರು ಮನೆಯ ದೇವೀರಮ್ಮತ್ತೆ, "ಮೇಸ್ತ್ರಿ ಅಲ್ಲ ಕಣೆ ಅದು, ಕಂಟ್ರಾಕ್ಟರು. ದನಿ ನೋಡು" ಎಂದು ನಕ್ಕಿದ್ದರು. ಆ ನಗು ಬಹಳ ದಿನ ಉಳಿಯಲಿಲ್ಲ.

ಬೀದಿನಾಯಿಗಳಿಂದ ನಮಗೆ ತೊಂದರೆಯಿಲ್ಲ. ಒಂದು ಬೊಗಳಿದರೆ ಇನ್ನೊಂದು ಬೊಗಳುತ್ತದೆ, ಅಲ್ಲಿಗೆ ಮುಗಿಯಿತು. ಹಸು ಕೂಗಿದರೆ ಮನೆಯವರು ಹಿತ್ತಿಲಿಂದಲೇ "ಓ, ಬಂದೆ ಕಣವ್ವ" ಅನ್ನುತ್ತಾರೆ. ಬೆಕ್ಕಿಗೆ ಯಾರ ಉತ್ತರವೂ ಬೇಕಿಲ್ಲ. ಮೇಸ್ತ್ರಿಯ ಬೊಗಳು ಮಾತ್ರ ಬೊಗಳಿದ ಜಾಗದಲ್ಲೇ ನಿಲ್ಲತೊಡಗಿತು. ಹೊರಗಿನ ನಾಯಿ, ಅದರ ಮಾತು ಇಲ್ಲಿಯ ನಾಯಿಗಳಿಗೆ ತಿಳಿಯುವುದಿಲ್ಲ ಎಂದುಕೊಂಡೆವು. ಹದಿನೈದು ದಿನದಲ್ಲಿ ಅವರ ಗೇಟಿನ ಮುಂದೆ ಹೋಗುವುದೆಂದರೆ ಬೊಗಳಿನ ಪೊದೆಯೊಳಗೆ ನುಗ್ಗಿದ ಹಾಗೆ. ನಾಯಿ ನೆರಳಲ್ಲಿ ನಿದ್ದೆ ಮಾಡುತ್ತಿದ್ದರೂ ನಾವು ಕಿವಿ ಮುಚ್ಚಿಕೊಂಡು ಓಡುತ್ತಿದ್ದೆವು. ಬೊಗಳುಗಳು ಕಾಂಪೌಂಡು ದಾಟಿ ನಮ್ಮ ಬಟ್ಟೆ ಒಣಹಾಕುವ ಹಗ್ಗದ ತನಕವೂ ಬಂದಿದ್ದವು. ಒಣಗಿದ ಸೀರೆ ಎಳೆದುಕೊಂಡರೆ ಮಡಿಕೆಯ ಹಿಂದಿನಿಂದ "ಬೌ" ಎನ್ನುತ್ತಿತ್ತು.

ಗುರುಸಿದ್ದಯ್ಯನವರದು ಇನ್ನೊಂದು ಕಥೆ. ಪೋಸ್ಟಿನ ಮಾರುತಣ್ಣ ಕರೆದರೆ ಓ ಇಲ್ಲ. ಗ್ಯಾಸಿನವನು ಕರೆದರೆ ಇಲ್ಲ. ದೇವೀರಮ್ಮತ್ತೆ ಹೊಸದಾಗಿ ಬಂದವರೆಂದು ಬಟ್ಟಲಲ್ಲಿ ಉಪ್ಪಿನಕಾಯಿ ಹಿಡಿದು, "ಏನ್ರೀ ಗುರುಸಿದ್ದಯ್ಯನೋರೇ" ಎಂದು ಮೂರು ಸಲ ಕರೆದು, ಬಟ್ಟಲು ವಾಪಸು ತಂದಿದ್ದರು. ಆ ಮೂರೂ ಕರೆಗಳು ಗೇಟಿನ ಮೇಲೇ ನಿಂತಿದ್ದವು. "ಓ ಅನ್ನೋಕೆ ಏನು ಬಾಯಲ್ಲಿ ಕಡುಬು ಇಟ್ಕೊಂಡಿದ್ದಾನಾ? ಒಂದಕ್ಷರ ಕಣೆ. ಒಂದೇ ಅಕ್ಷರಕ್ಕೂ ದೌಲತ್ತಾ?" ಎಂದು ಅವರು ಕಂಡವರಿಗೆಲ್ಲ ಹೇಳಿದರು. ನಾನೂ ಹೌದೆಂದೆ.

ನನ್ನ ಮಗಳು ಪಾರಿಜಾತ. ಎಂಟು ವರ್ಷ, ಮೂರನೆಯ ತರಗತಿ. ಎಲ್ಲರೂ ಪಾರಿ ಅನ್ನುತ್ತಾರೆ. ಕರೆಯುವುದಕ್ಕೆ ಹೇಳಿ ಮಾಡಿಸಿದ ಹೆಸರು, ಎಷ್ಟು ಉದ್ದ ಬೇಕಾದರೂ ಎಳೆಯಬಹುದು. ಆಷಾಢದ ಒಂದು ಗುರುವಾರ ಶಾಲೆಗೆ ಹೊರಟವಳು ಗುರುಸಿದ್ದಯ್ಯನವರ ಗೇಟಿನ ಮುಂದೆ ಇದ್ದಳು. ಒಳಗೆ ಮೇಸ್ತ್ರಿ ಬೊಗಳುತ್ತಿತ್ತು. ಹಿಂದಿನಿಂದ ಅವಳ ಗೆಳತಿ ಮುಬೀನಾ "ಪಾರೀ" ಎಂದು ಕರೆದಳು. ಇವಳು ತಿರುಗಿ "ಓ" ಅಂದಳು. ಅಷ್ಟೇ. ಮೇಸ್ತ್ರಿ ಗೇಟನ್ನು ಹಾರಿ ಬಂತು. ನಾನು ಸೌಟು ಹಿಡಿದೇ ಓಡಿದೆ. ಹೋಗುವಷ್ಟರಲ್ಲಿ ಪಾರಿ ಚರಂಡಿಯ ಅಂಚಿಗೆ ಬಿದ್ದಿದ್ದಳು, ಲಂಗದ ಅಂಚು ನಾಯಿಯ ಬಾಯಲ್ಲಿತ್ತು, ಲಂಗದ ಜೊತೆಗೆ ಮೀನಖಂಡವೂ ಸಿಕ್ಕಿತ್ತು.

ನಾಲ್ಕು ಹಲ್ಲಿನ ತೂತು. ಆಸ್ಪತ್ರೆಗೆ ಹೋಗಿ ತೊಳೆಸಿ ಇಂಜೆಕ್ಷನ್ ಹಾಕಿಸಿದೆವು. ಗಾಯ ಒಂದು ವಾರಕ್ಕೆ ಮಾಗಿತು. ಮಾಗದೆ ಉಳಿದದ್ದು ಬೇರೆ. ಆವತ್ತಿನಿಂದ ಪಾರಿ ಓ ಅನ್ನಲಿಲ್ಲ.

ಬೇರೆಲ್ಲ ಮಾತಾಡುತ್ತಿದ್ದಳು. ಉಪ್ಪು ಕಡಿಮೆ ಅನ್ನುತ್ತಿದ್ದಳು, ಜಡೆ ಬಿಗಿಯಾಯಿತು ಅನ್ನುತ್ತಿದ್ದಳು, ಅವರಪ್ಪ ಸೈಕಲ್ ಅಂಗಡಿಯಿಂದ ತಡವಾಗಿ ಬಂದರೆ ಜಗಳ ಮಾಡುತ್ತಿದ್ದಳು. ಆ ಒಂದಕ್ಷರ ಮಾತ್ರ ಬರುತ್ತಿರಲಿಲ್ಲ. ನಾನು ಅಡುಗೆಮನೆಯಿಂದ "ಪಾರೀ" ಎಂದು ಮೆಲ್ಲಗೆ ಕರೆಯುತ್ತಿದ್ದೆ. ಓಡಿ ಬಂದು ಎದುರಿಗೆ ನಿಲ್ಲುತ್ತಿದ್ದಳು. ತುಟಿ ದುಂಡಗೆ ಮಾಡುತ್ತಿದ್ದಳು. ಉಸಿರು ಮಾತ್ರ ಬರುತ್ತಿತ್ತು.

"ಅಮ್ಮಾ, ಬಾಯಿ ಗುಂಡಗಾಗತ್ತೆ. ಒಳಗಡೆಯಿಂದ ಬರಲ್ಲ."

"ಬರದೆ ಇದ್ರೆ ಬೇಡ ಬಿಡು ಕಂದ. ನಾಳೆ ಬರತ್ತೆ."

ನಾಳೆ ಬರಲಿಲ್ಲ. ಒಲೆಯ ಮುಂದೆ, ನೀರಿನ ಹಂಡೆಯ ಮೇಲೆ, ದೇವರ ಗೂಡಿನ ಪಕ್ಕ, ನನ್ನವೇ "ಪಾರೀ"ಗಳು ನಿಂತುಬಿಟ್ಟವು. ಮಗಳು ಅವುಗಳ ನಡುವೆ ಬಗ್ಗಿ ನುಸುಳಿ ಓಡಾಡುವುದನ್ನು ನೋಡಲಾರದೆ ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟೆ. ಬೇಕಾದಾಗ ಹತ್ತಿರ ಹೋಗಿ ಬೆನ್ನು ಮುಟ್ಟುತ್ತಿದ್ದೆ. ಮುಬೀನಾ ಬಿಡಲಿಲ್ಲ. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು "ಪಾರೀ" ಎಂದು ಒಂದು ಕರೆ ಬಿಟ್ಟೇ ಹೋಗುತ್ತಿದ್ದಳು. ಮೆಟ್ಟಿಲ ಮೇಲೆ ಅವು ಸಾಲಾಗಿ ನಿಂತವು.

ಮಧ್ಯದಲ್ಲಿ ನಾಯಿಯ ವಿಷಯ ಹೇಳಬೇಕು. ಕಚ್ಚಿದ ದಿನವೇ ನಮ್ಮವರೂ ನಾನೂ ಗುರುಸಿದ್ದಯ್ಯನವರ ಗೇಟಿಗೆ ಹೋಗಿದ್ದೆವು. ಅವರು ಅಂಗಳದಲ್ಲೇ ಇದ್ದರು. ನಾನು ಬಾಯಿಗೆ ಬಂದಂತೆ ಅಂದೆ. ಅವರು ನನ್ನ ಮುಖವನ್ನೇ ದಿಟ್ಟಿಸಿ ನೋಡುತ್ತಾ ನಿಂತರು. ಕೊನೆಗೆ ನಮ್ಮವರು ಪಾರಿಯನ್ನು ಎತ್ತಿ ಕಾಲಿನ ಪಟ್ಟಿ ತೋರಿಸಿದಾಗ ಅವರ ಮುಖ ಕಪ್ಪಿಟ್ಟಿತು. ಎರಡೂ ಕೈ ಮುಗಿದರು, ಒಳಗೆ ಹೋಗಿ ಸರಪಳಿ ತಂದು ನಾಯಿಯನ್ನು ಗೇಟಿನ ಕಂಬಕ್ಕೆ ಕಟ್ಟಿದರು. ಸರಿಹೋಯಿತು ಎಂದುಕೊಂಡು ಬಂದೆವು. ಸರಿಹೋಗಲಿಲ್ಲ. ಕಟ್ಟಿದ ಮೇಲೆ ಮೇಸ್ತ್ರಿ ಬೊಗಳುವುದು ಮೂರು ಪಾಲು ಹೆಚ್ಚಾಯಿತು. ಮನೆಯ ಕಡೆಗೆ ಮುಖ ಮಾಡಿ ಬೊಗಳುತ್ತಿತ್ತು. ಓಣಿಯಲ್ಲಿ ಯಾರಾದರೂ ಯಾರಿಗಾದರೂ ಓ ಅಂದರೆ ಸಾಕು, ಅವರ ಕಡೆಗೆ ತಿರುಗಿ ಕುತ್ತಿಗೆ ಕುಯ್ಯುವ ಹಾಗೆ ಸರಪಳಿ ಜಗ್ಗುತ್ತಿತ್ತು. ಓಣಿಯವರು ಒಬ್ಬರಿಗೊಬ್ಬರು ಪಿಸುಪಿಸು ಓ ಅನ್ನತೊಡಗಿದರು.

ಹನ್ನೊಂದು ದಿನ ಶಾಲೆ ನಡೆದ ಮೇಲೆ ಪಾರಿಯ ಸರ್ವಮಂಗಳಾ ಟೀಚರ್ ಮನೆಗೆ ಬಂದರು. ಒಳ್ಳೆಯ ಹೆಂಗಸು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಹೇಳಲು ಮುಜುಗರ ಪಟ್ಟು ಹೇಳಿದರು.

"ಬೆಳಿಗ್ಗೆ ಒಂದ್ಸಲ, ಮಧ್ಯಾಹ್ನ ಒಂದ್ಸಲ ಹಾಜರಿ ಕರೀಬೇಕು. ಇಪ್ಪತ್ತೆರಡು ಸಲ ಕರ್ದಿದೀನಿ. ಇಪ್ಪತ್ತೆರಡೂ ಬೋರ್ಡಿನ ಮುಂದೆ ನಿಂತಿವೆ ಕಣ್ರೀ. ಮಗ್ಗಿ ಬರೆಯೋಕೆ ಹೋದ್ರೆ ನನ್ನ ದನಿಯೇ ನನ್ನ ಕಿವಿಗೆ ಹೊಡೆಯತ್ತೆ. ನಿನ್ನೆ ಎರಡೊಂದ್ಲ ಎರಡು, ಎರಡೆರಡ್ಲ ಪಾರಿಜಾತ ಅಂತ ಬರೆದ್ಬಿಟ್ಟೆ. ಮಕ್ಕಳೆಲ್ಲ ಹಾಗೇ ಬರ್ಕೊಂಡ್ರು."

"ಬಂದಿದೀನಿ ಟೀಚರ್ ಅಂತ ಹೇಳ್ತಾಳಂತಲ್ಲ?"

"ಹೇಳ್ತಾಳೆ ಪಾಪ. ಆದ್ರೆ ಅದಕ್ಕೆ ಕರಗಲ್ವಲ್ಲ." ಅವರು ಪಾರಿಯ ಗಲ್ಲ ಮುಟ್ಟಿದರು. "ಓ ಅನ್ನೋ ತನಕ ಮನೇಲಿರ್ಲಿ. ಬೈದು ಕಳಿಸ್ತಿಲ್ಲ ನಾನು. ಒಂದ್ ಅಕ್ಷರ ಕಲಿತ ದಿನ ಬರ್ಲಿ."

ಮೂರನೆಯ ತರಗತಿಯ ಹುಡುಗಿಗೆ ಒಂದಕ್ಷರ ಕಲಿಯಲು ಮನೆಯಲ್ಲಿರು ಎಂದರೆ ಹೇಗಾಗಬೇಕು? ಅವಳು ಅಳಲಿಲ್ಲ. ಪಾಟಿಚೀಲ ತೆಗೆದು ಮೊಳೆಗೆ ನೇತುಹಾಕಿ ಕಿಟಕಿಯ ಹತ್ತಿರ ಹೋಗಿ ಕೂತಳು. ಆ ಕಿಟಕಿಯಿಂದ ಕಾಣುವುದು ಗುರುಸಿದ್ದಯ್ಯನವರ ಅಂಗಳ ಮತ್ತು ಆ ನಾಯಿ. ಬೇರೆ ಕಿಟಕಿಯ ಹತ್ತಿರ ಕೂರು ಅಂದರೆ ಬೇಡ ಅಂದಳು.

ಇಷ್ಟಾದ ಮೇಲೆ ದೇವೀರಮ್ಮತ್ತೆ ಓಣಿಯವರನ್ನೆಲ್ಲ ಸೇರಿಸಿ, ಸೋಮವಾರ ಮರಳಿನ ಲಾರಿಯಲ್ಲಿ ನಾಯಿಯನ್ನು ಹಾಕಿ ಹೊಳೆಯಾಚೆಯ ಗುಡ್ಡಕ್ಕೆ ಬಿಟ್ಟು ಬರುವುದೆಂದು ತೀರ್ಮಾನ ಮಾಡಿಸಿದರು. ಕಾಗದದಲ್ಲಿ ಮೊದಲ ಸಹಿ ನನ್ನದು. ಯಾರೂ ಕೇಳುವ ಮೊದಲೇ ಪೆನ್ನು ಕೈಗೆ ತೆಗೆದುಕೊಂಡೆ ಎಂಬುದನ್ನೂ ಬರೆಯಬೇಕು.

ಬೇಳೆಗೆ ಒಗ್ಗರಣೆ ಹಾಕಿ ಬಂದೆ. ಈಗ ಶುಕ್ರವಾರದ ವಿಷಯ.

ಆವತ್ತು ಹನ್ನೊಂದು ಗಂಟೆಗೆ ನಾನು ಮುಂದಿನ ಅಂಗಳದ ಕಲ್ಲಿನ ಮೇಲೆ ಬೆಡ್‌ಶೀಟ್ ಒಗೆಯುತ್ತಿದ್ದೆ. ಸೊಪ್ಪಿನವಳು ಬರುವ ಹೊತ್ತು. ಅವಳು ಕರೆದರೆ ಓ ಅನ್ನಬೇಕು, ಮೆಂತ್ಯ ಇದೆಯೇ ಕೇಳಬೇಕು ಎಂದು ಮನಸ್ಸು ಅತ್ತಲೇ ಇತ್ತು. ಮೇಸ್ತ್ರಿ ಬೊಗಳಿತು. ನಾನು ಬೆಡ್‌ಶೀಟ್ ಹಿಂಡುತ್ತಾ, "ಓ, ಬಂದೇ" ಅಂದುಬಿಟ್ಟೆ.

ಬೊಗಳು ಕರಗಿತು. ಕಾಂಪೌಂಡಿನ ಆಚೆ ಅಷ್ಟು ನಿಶ್ಶಬ್ದವಾದದ್ದನ್ನು ಎಷ್ಟೋ ದಿನದಿಂದ ಕೇಳಿರಲಿಲ್ಲ. ತಲೆ ಎತ್ತಿ ನೋಡಿದರೆ ನಾಯಿ ಕಿವಿ ನೆಟ್ಟಗೆ ಮಾಡಿ, ಒಂದು ಮುಂಗಾಲು ಎತ್ತಿಕೊಂಡು ನನ್ನನ್ನೇ ನೋಡುತ್ತಿತ್ತು. ಎದುರು ಜಗಲಿಯಿಂದ ದೇವೀರಮ್ಮತ್ತೆ ಎದ್ದು ನಿಂತಿದ್ದರು.

"ಅಯ್ಯೋ ಮಂಕೆ! ಏನೇ ಅಂದೆ?"

"ಸೊಪ್ಪಿನವಳು ಅಂದ್ಕೊಂಡೆ ಅತ್ತೆ."

"ಸೊಪ್ಪಿನವಳು ಬೌ ಅಂತಾಳೇನೆ? ಈಗ ಹೋಗ್ಬೇಕು ನೋಡು. ಓ ಅಂದಾಯ್ತಲ್ಲ. ಕೋಲಾದ್ರೂ ತಗೊಂಡ್ ಹೋಗು!"

ಓ ಅಂದು ಹೋಗದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹೋದೆ. ಕೋಲು ಮರೆತೆ. ಗೇಟು ತೆಗೆದೆ. ಮೇಸ್ತ್ರಿ ನನ್ನ ಸೀರೆಯ ನೆರಿಗೆಯನ್ನು ಹಲ್ಲಲ್ಲಿ ಹಿಡಿಯಿತು. ಜೀವ ಬಾಯಿಗೆ ಬಂತು. ಆದರೆ ಅದು ಹಿಡಿದದ್ದು ಮನೆಯ ಕಡೆಗೆ ಎಳೆಯುವುದಕ್ಕೆ. ಸರಪಳಿ ಮುಗಿಯಿತು, ಅದಕ್ಕೆ ಮುಂದೆ ಹೋಗಲಾಗಲಿಲ್ಲ. ನೆರಿಗೆ ಬಿಟ್ಟು ನನ್ನ ಮುಖ ನೋಡಿತು, ಮನೆ ನೋಡಿತು. ಕೊಂಡಿ ಬಿಚ್ಚಿದೆ. ಎಳೆಮಕ್ಕಳು ಮಾತು ಬರುವ ಮೊದಲು ಕೈಹಿಡಿದು ಹಾಗೆಯೇ ಎಳೆಯುತ್ತವೆ.

ಅದು ಬಾಣದ ಹಾಗೆ ಅಡುಗೆಮನೆಗೆ ಓಡಿತು. ಹಿಂದೆ ನಾನು. ಒಳಗೆ ಕಾಲಿಟ್ಟರೆ ಕುಕ್ಕರಿನ ಕೂಗು. ಒಂದಲ್ಲ, ಹೆಜ್ಜೆಗೊಂದು. ಓ ಅನ್ನುವವರಿಲ್ಲದೆ ಇಪ್ಪತ್ತೋ ಮೂವತ್ತೋ ಕೂಗು ಅಡುಗೆಮನೆಯ ತುಂಬ ನಿಂತಿದ್ದವು. ಒಲೆಯ ಮೇಲೆ ಕುಕ್ಕರು ನೀರೆಲ್ಲ ಆರಿ, ಕರಕಲು ವಾಸನೆ ಬಿಡುತ್ತಾ ಕೆಂಪಗಾಗುವುದರಲ್ಲಿತ್ತು. ಓಡಿ ಒಲೆ ಆರಿಸಿದೆ. ಎರಡು ಮಾರು ಆಚೆ ಗುರುಸಿದ್ದಯ್ಯನವರು ಒಲೆಗೂ ಬಾಗಿಲಿಗೂ ಬೆನ್ನು ಹಾಕಿ ಕೂತು, ನೆಮ್ಮದಿಯಾಗಿ ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಏನ್ರೀ!" ಎಂದು ಕಿರುಚಿದೆ. ನನ್ನ ಕರೆ ಅವರ ನೆತ್ತಿಯ ಮೇಲೆ ಹೋಗಿ ನಿಂತಿತು. ಅವರು ಬೆಳ್ಳುಳ್ಳಿ ಸುಲಿಯುತ್ತಲೇ ಇದ್ದರು. ಮೇಸ್ತ್ರಿ ಹೋಗಿ ಅವರ ಮೊಣಕಾಲಿಗೆ ಮೂತಿ ಒತ್ತಿತು. ಆಗ ತಿರುಗಿದರು. ನನ್ನನ್ನು ನೋಡಿದರು, ಒಲೆ ನೋಡಿದರು. ಸಿಪ್ಪೆಯೆಲ್ಲ ನೆಲಕ್ಕೆ ಚೆಲ್ಲಿತು.

ನನ್ನ ತಲೆಯೊಳಗೆ ಆಗ ಬೆಳಕು ಬಿತ್ತು. ಕಿವಿ ಮುಟ್ಟಿ ತೋರಿಸಿ, ಇಲ್ಲವೇ ಎಂದು ಕೈ ಆಡಿಸಿದೆ. ಅವರು ಅಗತ್ಯಕ್ಕಿಂತ ದೊಡ್ಡ ದನಿಯಲ್ಲಿ ಹೇಳಿದರು: "ಜಲ್ಲಿ ಕ್ರಷರ್‌ಗೆ ಕೊಟ್ಟೆ ತಾಯಿ. ಇಪ್ಪತ್ತೆಂಟು ವರ್ಷ. ಮಿಷನ್ ತಿಂದ್ಕೊಳ್ತು."

ಗೋಡೆಯ ಮೇಲಿನ ಕ್ಯಾಲೆಂಡರ್ ತಿರುವಿ, ಅದರ ಹಿಂದೆ ಪೆನ್ಸಿಲಿನಲ್ಲಿ ಬರೆದೆ: ಯಾಕೆ ಹೇಳಲಿಲ್ಲ?

"ಇದು ಓ ಅನ್ನೋ ಊರು ಅಂತ ಗೊತ್ತಿತ್ತು. ಕಿವುಡ ಅಂದ್ರೆ ಮನೆ ಬಾಡಿಗೆಗೆ ಕೊಡ್ತಿದ್ರಾ? ಇವ್ನು ಇದಾನಲ್ಲ ಅಂದ್ಕೊಂಡೆ." ನಾಯಿಯ ತಲೆ ಸವರಿದರು. "ಯಾರಾದ್ರೂ ಬಂದ್ರೆ, ಕುಕ್ಕರ್ ಕೂಗಿದ್ರೆ ಬಂದು ಮುಟ್ಟೋನು. ನಾನು ಬಾಗಿಲು ಹಾಕ್ಕೊಂಡಿದ್ರೆ ಹೊರಗೇ ನಿಂತು ಬೊಗಳೋನು, ನಂಗೆ ಗೊತ್ತಾಗ್ತಿರ್ಲಿಲ್ಲ. ಈಗ ಕಟ್ಟಾಕಿದೀನಿ. ಮಗು ಕಾಲು ನೋಡಿ ಕಟ್ಟದೆ ಹೆಂಗಿರ್ಲಿ? ಕ್ರಷರ್‌ನಲ್ಲಿ ಇವ್ನು ಬೊಗಳಿದ್ರೆ ಆಳುಗಳೆಲ್ಲ 'ಓ ಮೇಸ್ತ್ರೀ' ಅಂತ ಬರೋರು. ಓ ಅಂದೋರ ಬಟ್ಟೆ ಹಿಡ್ದು ನನ್ನ ಹತ್ರ ಕರ್ಕೊಂಡು ಬರೋನು. ಅದೇ ಇವ್ನ ಕೆಲಸ."

ಅಂದರೆ ಆ ಗುರುವಾರ ಅದು ಒಳಗಿನ ಯಾವುದೋ ಕೂಗಿಗೆ ಜನ ಕರೆಯುತ್ತಿತ್ತು. ಗೇಟಿನ ಹತ್ತಿರ ಒಂದು ಪುಟ್ಟ ದನಿ ಓ ಅಂದಿತು. ತನಗೇ ಅಂದದ್ದೆಂದು ನಾಯಿ ತಿಳಿದುಕೊಂಡಿತು. ಹಿಡಿದದ್ದೋ ಕಚ್ಚಿದ್ದೋ, ತೂತು ನಾಲ್ಕು ನಾಲ್ಕೇ. ಅದನ್ನು ನಾನು ಕ್ಯಾಲೆಂಡರಿನ ಹಿಂದೆ ಬರೆದೇ ತೋರಿಸಿದೆ. ಅವರು ಓದಿ ತಲೆ ತಗ್ಗಿಸಿದರು. ಆಮೇಲೆ ಇನ್ನೊಂದು ಸಾಲು ಬರೆದೆ: ನಿಮ್ಮ ಗೇಟಿನಲ್ಲಿ ನಿಮಗೆ ಬಂದ ಕರೆಗಳು ತುಂಬ ನಿಂತಿವೆ.

"ನಂಗಾ? ಯಾರು ಕರೆದ್ರು?" ಎಂದರು. ಆ ಮುಖದಲ್ಲಿ ಬಂದ ಆಸೆಯನ್ನು ನೋಡಿ ನನಗೆ ನಮ್ಮೂರಿನ ಬಗ್ಗೆ ನಾಚಿಕೆಯಾಯಿತು.

ಅವರ ಮಣಿಕಟ್ಟು ಹಿಡಿದು ಹೊರಗೆ ಕರೆತಂದೆ. ಒಂದೊಂದು ಕರೆಯ ಎದುರಿಗೂ ನಿಲ್ಲಿಸಿ, ಯಾರದೆಂದು ಕ್ಯಾಲೆಂಡರಿನಲ್ಲಿ ಬರೆದು ತೋರಿಸಿ, ಮಣಿಕಟ್ಟು ಒತ್ತುತ್ತಿದ್ದೆ. ಅವರು ಬೀದಿ ಅದುರುವ ಹಾಗೆ "ಓ" ಅನ್ನುತ್ತಿದ್ದರು. ಮಾರುತಣ್ಣನವು ಐದು. ಗ್ಯಾಸಿನವನದು ಎರಡು. ಓಣಿಯವರು ಒಬ್ಬೊಬ್ಬರೇ ಬಂದು ನಿಂತರು. ದೇವೀರಮ್ಮತ್ತೆಯ ಮೂರು ಕರೆಗಳ ಹತ್ತಿರ ಬಂದಾಗ "ಉಪ್ಪಿನಕಾಯಿ" ಎಂದು ಬರೆದೆ. ಅವರು ಮೂರು ಸಲ ಓ ಅಂದು, ಎದುರು ಜಗಲಿಗೆ ತಿರುಗಿ, "ಮಾವಿನದಾ, ನಿಂಬೇದಾ?" ಎಂದು ಕೇಳಿದರು.

ದೇವೀರಮ್ಮತ್ತೆ ಬಾಯಿಗೆ ಸೆರಗು ಒತ್ತಿಕೊಂಡರು. "ಶಿವನೇ, ಕಿವಿ ಕೇಳಲ್ವಾ ಇವ್ರಿಗೆ? ನಾನು ಏನೇನು ಅಂದ್ನಲ್ಲೇ."

"ಅದೂ ಕೇಳಿಲ್ಲ ಬಿಡಿ ಅತ್ತೆ."

ಬೊಗಳುಗಳು ನೂರಾರಿದ್ದವು. ಅವುಗಳನ್ನು ಬರೆದು ತೋರಿಸುವ ಹಾಗಿರಲಿಲ್ಲ, ಬರೀ ಒತ್ತು, ಓ, ಒತ್ತು, ಓ. ಮೇಸ್ತ್ರಿ ನಮ್ಮ ಜೊತೆಗೇ ಬರುತ್ತಾ ಒಂದೊಂದು ಓಗೂ ಬಾಲ ಬಡಿಯುತ್ತಿತ್ತು. ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಅವರ ಗಂಟಲು ಕಟ್ಟಿತು, ಅಂಗಳ ಖಾಲಿಯಾಯಿತು. ಸೋಮವಾರದ ಲಾರಿಯ ಮಾತು ಎತ್ತಿದ್ದು ದೇವೀರಮ್ಮತ್ತೆಯೇ. "ಲಾರಿಯವನಿಗೆ ನಾನು ಹೇಳ್ತೀನಿ, ಬೇಡ ಅಂತ. ಆದ್ರೆ ಇನ್ನೊಂದ್ಸಲ ಅದು ಮಗೂನ ಕಚ್ಲಿ, ಅದನ್ನ ನಾನೇ ಕಚ್ತೀನಿ." ಗುರುಸಿದ್ದಯ್ಯನವರು ಆ ಸಂಜೆಯೇ ಗೇಟಿನ ಮೇಲೆ ಎರಡಡಿ ತಂತಿಬಲೆ ಹೊಡೆಸಿದರು. ಬಟ್ಟೆ ಬಿಟ್ಟು ಬೇರೇನೂ ಹಿಡಿಯದಂತೆ ನಾಯಿಗೆ ಹಳೆಯ ಪಂಚೆಯ ತುಂಡು ಕೊಟ್ಟು ದಿನಾ ಪಾಠ ಶುರುಮಾಡಿದರು.

ಇದೆಲ್ಲವನ್ನೂ ಪಾರಿ ಕಿಟಕಿಯಿಂದ ನೋಡಿದಳು. ನಾನು ಕೂತು ವಿವರವಾಗಿ ಹೇಳಿದೆ. ಎಲ್ಲ ಕೇಳಿ, "ಹಾಗಾದ್ರೆ ಅದು ನನ್ನ ಓನ ತನ್ನದು ಅಂದ್ಕೊಳ್ತಾ?" ಎಂದಳು.

"ಹೂಂ."

"ಕೇಳಿ ತಗೋಬೇಕಿತ್ತು."

"ಹೌದು ಕಂದ. ಕೇಳಿ ತಗೋಬೇಕಿತ್ತು."

ಅವತ್ತೂ ಅವಳಿಗೆ ಅಕ್ಷರ ಬರಲಿಲ್ಲ. ನಾಯಿಯ ತಪ್ಪು ತಿಳಿದ ಮಾತ್ರಕ್ಕೆ ಭಯ ಹೋಗುವುದಿಲ್ಲ. ಶನಿವಾರ, ಭಾನುವಾರ, ಸೋಮವಾರ, ಮಂಗಳವಾರ, ಕಿಟಕಿಯಲ್ಲೇ ಕೂತಳು. ನಾನು ಕರೆಯಲಿಲ್ಲ, ಕೇಳಲಿಲ್ಲ. ತಲೆ ಬಾಚಿದೆ, ತುತ್ತು ಕೊಟ್ಟೆ, ಮಗ್ಗಿ ಒಪ್ಪಿಸಿಕೊಂಡೆ. ಒಳಗೊಳಗೆ ಮಾತ್ರ ಹೆದರಿಕೆ ಹತ್ತಿತ್ತು. ಹೀಗೇ ಉಳಿದುಬಿಟ್ಟರೆ? ನಾನಿಲ್ಲದ ದಿನ ಇವಳನ್ನು ಬೆನ್ನು ಮುಟ್ಟಿ ಕರೆಯುವವರು ಯಾರು?

ಬುಧವಾರ ಬೆಳಿಗ್ಗೆ ನಡುಮನೆಯಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದೆ. ಪಕ್ಕದ ಮನೆಯಲ್ಲಿ ಗುರುಸಿದ್ದಯ್ಯನವರು ಏಣಿ ಹಾಕಿಕೊಂಡು ಮಾಡಿನ ಮೇಲೆ ಒಡೆದ ಹೆಂಚು ಬದಲಾಯಿಸುತ್ತಿದ್ದರು. ಮಾರುತಣ್ಣ ರಿಜಿಸ್ಟರ್ ಪೋಸ್ಟ್ ತಂದು ಗೇಟಿನಲ್ಲಿ ನಿಂತು ಕರೆದ. ಮೇಸ್ತ್ರಿ ಏಣಿಯ ಬುಡಕ್ಕೆ ಓಡಿತು, ಎರಡು ಮೆಟ್ಟಿಲಿಗೆ ಕಾಲಿಟ್ಟಿತು, ಜಾರಿತು. ಅಲ್ಲಿಂದ ನಮ್ಮ ಕಡೆಯ ಕಾಂಪೌಂಡು ಗೋಡೆಯ ಹತ್ತಿರ ಬಂದು ನಮ್ಮ ಮನೆಯ ಕಡೆಗೆ ಮುಖ ಮಾಡಿ ಒಂದೇ ಒಂದು ಸಲ ಬೊಗಳಿತು.

ಓ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕಿಟಕಿಯಲ್ಲಿದ್ದ ಪಾರಿಯ ಬೆನ್ನು ನೆಟ್ಟಗಾದದ್ದನ್ನು ನೋಡಿದೆ. ಹೂವಿನ ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೆ.

"ಅಮ್ಮಾ, ಮೇಸ್ತ್ರಿ ಕರೀತಿದೆ."

"ಹ್ಞೂಂ."

"ನೀನು ಅನ್ನು."

ಕೈಯಲ್ಲಿದ್ದ ಹೂವು ತೋರಿಸಿದೆ.

"ಕೈಯಲ್ಲಿ ಹೂವಿದೆ. ಬಾಯಿಗೇನಾಗಿದೆ?"

ದಾರ ತೋರಿಸಿದೆ.

ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಮಾರುತಣ್ಣ ಎರಡನೆಯ ಸಲ ಕರೆದ. "ಹೊರಟೋಗ್ತಾನೆ ಅವ್ನು," ಎಂದಳು. "ಅಮ್ಮಾ, ಕಾಗದ ವಾಪಸ್ ಹೋಗತ್ತೆ." ನಾನು ದಾರವನ್ನು ಇನ್ನೂ ಬಿಗಿಯಾಗಿ ಕಚ್ಚಿದೆ. ಮೇಸ್ತ್ರಿ ಮತ್ತೆ ಬೊಗಳಲಿಲ್ಲ. ಕಾಯುತ್ತಾ ನಿಂತಿತ್ತು. ಪಾರಿ ಕಿಟಕಿಯ ಸರಳನ್ನು ಎರಡೂ ಕೈಯಲ್ಲಿ ಹಿಡಿದಳು. ಬೆನ್ನು ಒಮ್ಮೆ ಮೇಲೆದ್ದು ಇಳಿಯಿತು.

"ಓ."

ಸಣ್ಣದು, ಮೊದಮೊದಲು ತೊದಲುತ್ತಿದ್ದಾಗ ಅಂದ ಹಾಗೆ. ಕಾಂಪೌಂಡಿನ ಮೇಲಿನ ಬೊಗಳು ಕರಗಿತು. ಅವಳು ನನ್ನ ಕಡೆ ತಿರುಗಿ, ಮುಖ ಬಿಳುಪೇರಿ, "ಈಗ ಹೋಗ್ಬೇಕಲ್ಲ?" ಎಂದಳು. ಬಾಯಿಯ ದಾರ ತೆಗೆದು, "ಹೂಂ, ಹೋಗ್ಬೇಕು" ಎಂದೆ.

ಹೋದಳು. ನಾನು ಬಾಗಿಲ ತನಕ ಬಂದು ಚೌಕಟ್ಟು ಹಿಡಿದು ನಿಂತೆ. ಅವರ ಗೇಟು ತೆಗೆದು ಕಣ್ಣು ಮುಚ್ಚಿಕೊಂಡಳು. ಮಾರುತಣ್ಣ ಏನೋ ಹೇಳಲು ಹೋದ, ನಾನು ತುಟಿಗೆ ಬೆರಳಿಟ್ಟು ತಡೆದೆ. ಮೇಸ್ತ್ರಿ ಬಂದು ಅವಳ ಲಂಗದ ಅಂಚನ್ನು ಹಿಡಿಯಿತು. ಪಂಚೆಯ ತುಂಡಿನ ಪಾಠ ಕಲಿತ ಹಾಗೆ ತೀರ ತುದಿಯನ್ನು ಮಾತ್ರ. ಓಡಿಹೋಗಿ ಎತ್ತಿಕೊಳ್ಳದೆ ನಿಲ್ಲುವುದಕ್ಕೆ ಬೇಕಾದ ಬಲ, ಅವಳನ್ನು ಹೆರುವಾಗಲೂ ನನಗೆ ಬೇಕಾಗಿರಲಿಲ್ಲ. ಅವಳು ಒಂದು ಕಣ್ಣು ತೆರೆದಳು. ನಾಯಿ ಎಳೆದ ಕಡೆ ನಡೆದಳು, ಆಮೇಲೆ ನಾಯಿಗಿಂತ ಮುಂದೆ ನಡೆದಳು. ಏಣಿಯನ್ನು ಎರಡೂ ಕೈಯಿಂದ ಅಲುಗಾಡಿಸಿದಳು. ಮಾಡಿನ ಮೇಲಿನಿಂದ ಗುರುಸಿದ್ದಯ್ಯನವರು ಕೆಳಗೆ ಬಗ್ಗಿ, ಮೊದಲು ನಾಯಿಯನ್ನೂ ಆಮೇಲೆ ಅವಳನ್ನೂ ನೋಡಿ, ಹೆಂಚು ಹಿಡಿದ ಕೈಯನ್ನು ಹಾಗೇ ಎತ್ತಿ ಮುಗಿದರು.

ಆವತ್ತು ನಮ್ಮ ಮನೆಯಲ್ಲಿ ಸಂಜೆಯವರೆಗೂ ಅದೇ ಕೆಲಸ. ಅಡುಗೆಮನೆಯಲ್ಲಿದ್ದ ನನ್ನ ಕರೆಗಳಿಗೆ ಪಾರಿ ಒಂದೊಂದಾಗಿ ಓ ಅಂದಳು. ಮೆಟ್ಟಿಲ ಮೇಲಿನ ಮುಬೀನಾಳ ಕರೆಗಳು ಹದಿನೇಳು. ಎಲ್ಲಕ್ಕೂ ಸೇರಿಸಿ ಒಂದು ಸಲ ಬಂದರೆ ಸಾಕೇ ಎಂದು ಕೇಳಿದ್ದಕ್ಕೆ ಮುಬೀನಾ, "ಅದೆಲ್ಲ ಆಗಲ್ಲ, ಹದಿನೇಳ್ಸಲ ಬರ್ಬೇಕು" ಎಂದು ಕಟ್ಟುನಿಟ್ಟು ಮಾಡಿದಳಂತೆ. ಹದಿನೇಳು ಸಲ ಓಡಿದಳು. ಮರುದಿನ ಶಾಲೆಯಲ್ಲಿ ಇಪ್ಪತ್ತೆರಡು ಓ ಆಗುವಷ್ಟರಲ್ಲಿ ಮಗ್ಗಿಯ ಪಾಠದ ಹೊತ್ತೇ ಮುಗಿಯಿತಂತೆ. ಟೀಚರ್ ಬೋರ್ಡಿಗೆ ಹೋಗಿ ಎರಡೆರಡ್ಲ ನಾಲ್ಕು ಎಂದು ದೊಡ್ಡದಾಗಿ ಬರೆದರಂತೆ.

ಇವತ್ತು ಭಾನುವಾರ. ಅನ್ನ, ಬೇಳೆಸಾರು ಆಗಿ ಅರ್ಧ ಗಂಟೆಯಾಯಿತು. ಇದನ್ನು ಬರೆಯುತ್ತಾ ಕೂತಲ್ಲಿಂದಲೇ ಈಗಷ್ಟೇ ಊಟಕ್ಕೆ "ಪಾರೀ" ಎಂದು ಕರೆದೆ. ಗುರುಸಿದ್ದಯ್ಯನವರ ಅಂಗಳದಿಂದ, ಪಂಚೆಯ ತುಂಡಿಗಾಗಿ ನಡೆಯುತ್ತಿರುವ ಜಗ್ಗಾಟದ ನಡುವಿನಿಂದ, "ಓ" ಬಂತು. ಪಾರಿ ಬರಲಿಲ್ಲ. ಸ್ವಲ್ಪ ಹೊತ್ತು ನೋಡಿ ಮತ್ತೆ ಕರೆದೆ.

"ಓ ಅಂದ್ನಲ್ಲಮ್ಮಾ!"

ಜಗಲಿಯಿಂದ ದೇವೀರಮ್ಮತ್ತೆ ಕೇಳಿಸಿಕೊಂಡು, "ಏನೇ ಇದು, ನಿನ್ ಮಗಳು ಓ ಅಂದೂ ಬರ್ತಿಲ್ವಲ್ಲೇ? ಊರಲ್ಲಿ ಇಂಥದ್ದು ಎಲ್ಲಾದ್ರೂ ಉಂಟಾ?" ಎಂದರು.

"ಬರ್ತಾಳೆ ಬಿಡಿ ಅತ್ತೆ," ಎಂದೆ. ಎದ್ದು ಅವಳ ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿ ಬಂದು, ಮೂರನೆಯ ಸಲ ಕರೆಯಲು ಬೇಕೆಂದೇ ಸ್ವಲ್ಪ ತಡಮಾಡುತ್ತಿದ್ದೇನೆ.